ಸೀಗಡಿಗೆ ಮೆಹಂದಿಯ ಬಣ್ಣ ಕಲಿಸಿದವಳ ಮೇಲೆ ದೂರು

ಹೆಸರು ಮೆಹ್ವಿಶ್, ವಯಸ್ಸು 29 ವರ್ಷ, ವಿದ್ಯೆ ಬಿ.ಕಾಂ., ಕೆಲಸ ಮದುವೆ ಮನೆಗಳಲ್ಲಿ ಮೆಹಂದಿ ಹಾಕುವುದು, ವಾಸ ತಾಯಿ ಮಜೀದಾ ಅವರೊಂದಿಗೆ ಶಿವಾಜಿನಗರ, ಬೆಂಗಳೂರು. ಈ ದಿನ ಬೆಳಿಗ್ಗೆ 10-40 ಗಂಟೆಗೆ ಠಾಣೆಗೆ ಹಾಜರಾಗಿ, ಬಾಯಲ್ಲಿ ಹೇಳಿ ಬರೆಸಿ, ಈ ಮೂಲಕ ತಿಳಿಸುವುದೇನೆಂದರೆ, ನಾವು ಮನೆಯಲ್ಲಿ ದಖನಿ ಉರ್ದು ಆಡುವವರು. ಅಲ್ಲಿ ಆಡಿದ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಹೇಳಿದ್ದೇನೆ.

ಫಾಯಿಜಾ ಆಪಾ, ಸುಮಾರು 36 ವರ್ಷ, ನನ್ನ ದೊಡ್ಡಮ್ಮನ ಮಗಳು; ಆಪಾ ಎಂದರೆ ಅಕ್ಕ. ಪುಲಿಕೇಶಿನಗರದಲ್ಲಿ ಅವರ ಮನೆಯ ಕೆಳಗಿನ ಕೋಣೆಯಲ್ಲೇ ಅವರ ಮೆಹಂದಿ ಅಂಗಡಿ ಇದೆ. ನಾನು ಏಳು ವರ್ಷದಿಂದ ಅಲ್ಲಿ ಕೆಲಸ ಮಾಡಿಕೊಂಡಿದ್ದೆ. ಬೋರ್ಡಿನಲ್ಲಿ ಅವರ ಹೆಸರಿತ್ತು, ಮದುವಣಗಿತ್ತಿಯರು ಕೇಳಿಕೊಂಡು ಬರುತ್ತಿದ್ದುದು ನನ್ನನ್ನು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಕಾರಣ ಇದೇ ಆಗಿರುವುದರಿಂದ ಹೇಳುತ್ತಿದ್ದೇನೆ.

ದಿನಾಂಕ 03-08-2025ರಂದು ಭಾನುವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ನವೆಂಬರ್ 23ರ ಒಂದು ಮದುವೆಯನ್ನು ನನ್ನ ಸ್ವಂತ ಹೆಸರಿನಲ್ಲಿ ಒಪ್ಪಿಕೊಂಡಿರುವುದಾಗಿಯೂ, ಅದಾದ ಮೇಲೆ ಬೇರೆ ಅಂಗಡಿ ತೆರೆಯುವುದಾಗಿಯೂ ಆಪಾಗೆ ತಿಳಿಸಿದೆನು. ಆಪಾ ಸಿಟ್ಟಾಗಲಿಲ್ಲ. ಒಳ್ಳೆಯದಾಗಲಿ ಎಂದು ಹೇಳಿ ನನ್ನ ತಟ್ಟೆಗೆ ಇನ್ನೊಂದು ತುಂಡು ಮಾಂಸ ಬಡಿಸಿದರು. ಅಂದೇ ನಾಲ್ಕು ಬೈಗುಳ ಬೈದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು.

ಒಂದು ವಾರದ ನಂತರ ದಿನಾಂಕ 10-08-2025ರಂದು ಫೋನ್ ಮಾಡಿ, ತಾವು ಮಾಂಟಿಸ್ ಶ್ರಿಂಪ್ ಎಂಬ ಸಮುದ್ರದ ಸೀಗಡಿಯನ್ನು ಸಾಕಬೇಕೆಂದಿರುವುದಾಗಿಯೂ, ನಾನು ಬಿಟ್ಟು ಹೋಗುವ ಮುಂಚೆ ಇಬ್ಬರೂ ಸೇರಿ ಏನಾದರೊಂದು ಮಾಡೋಣವೆಂದೂ ಕರೆದರು. ನಾನು 11-00 ಗಂಟೆಗೆ ಹೋದೆನು. ಮೀನಿನ ತೊಟ್ಟಿ ಮಾಡಿಕೊಡುವ ಅಕ್ತರ್ ಎಂಬುವವರು ಎರಡೂವರೆ ಅಡಿ ಉದ್ದದ ಅಕ್ರಿಲಿಕ್ ತೊಟ್ಟಿ ತಂದಿದ್ದರು. ಗಾಜಿನದು ಯಾಕೆ ಬೇಡ ಎಂದು ಕೇಳಿದ್ದಕ್ಕೆ ಅವರು, "ಇದು ಒಂದು ಏಟು ಕೊಟ್ರೆ ಗಾಜು ಬಿರುಕು ಬಿಟ್ಬಿಡತ್ತೆ ಮೇಡಂ" ಎಂದರು. ಐದು ಕಿಲೋ ಆರುನೂರು ಗ್ರಾಂ ಉಪ್ಪು ತೂಗಿ ನೀರಿಗೆ ಕದಡಿದವಳು ನಾನು. ಸೀಗಡಿಗೆ ಬಿಲವಾಗಲೆಂದು ಒಂದು ಅಡಿ ಉದ್ದದ ಪೈಪನ್ನು ಎಡಗಡೆ ಹಿಂದಿನ ಮೂಲೆಯಲ್ಲಿ ಮಲಗಿಸಿದವಳೂ ನಾನೇ. ನನ್ನ ದಡ್ಡತನವೂ ದಾಖಲಾಗಲಿ.

ನೀರು ಹದಕ್ಕೆ ಬರಲು ಆರು ವಾರ ಹಿಡಿಯಿತು. ದಿನಾಂಕ 21-09-2025ರಂದು ಸಂಜೆ 4-15ಕ್ಕೆ ಅಕ್ತರ್ ಸೀಗಡಿಯನ್ನು ತಂದು ಬಿಟ್ಟರು. ಹದಿಮೂರು ಸೆಂಟಿಮೀಟರ್ ಉದ್ದ, ಹಸಿರು, ನೀಲಿ, ಕೆಂಪು, ಎಲ್ಲ ಬಣ್ಣವೂ ಇತ್ತು. ನನಗೆ ಬಹಳ ಇಷ್ಟವಾಯಿತು. ಮರುವಾರ ಒಬ್ಬಳು ಹುಡುಗಿಯ ಅಂಗೈಯಲ್ಲಿ ಅದರ ಬಾಲವನ್ನೇ ಬಿಡಿಸಿದ್ದೆ. ತೊಟ್ಟಿಗೆ ಯಾವತ್ತೂ ಕೈ ಹಾಕಬಾರದೆಂದು ಅಕ್ತರ್ ನಮ್ಮಿಬ್ಬರಿಗೂ ಹೇಳಿದರು. ಅದಕ್ಕೆ ಬಣ್ಣ ಚೆನ್ನಾಗಿ ಗೊತ್ತಾಗುತ್ತದೆ, ಊಟ ಯಾವ ಬಣ್ಣದ ಕಡ್ಡಿಯಲ್ಲಿ ಯಾವ ಮೂಲೆಗೆ ಬರುತ್ತದೆಂದು ಬೇಗ ಕಲಿಯುತ್ತದೆ ಎಂದರು. ಪೊರೆ ಕಳಚಿದ ವಾರದಲ್ಲಿ ಮಾತ್ರ ಮೈ ಮೆತ್ತಗಾಗಿ, ಬಿಲದ ಬಾಯಿ ಮುಚ್ಚಿಕೊಂಡು ಒಳಗೇ ಇರುತ್ತದೆ, ತೊಟ್ಟಿ ತೊಳೆಯುವುದಿದ್ದರೆ ಆಗ ತೊಳೆಯಬಹುದು ಎಂದೂ ಹೇಳಿದರು.

ದಿನಾಂಕ 16-11-2025ರಂದು ಬೆಳಿಗ್ಗೆ 11-20ಕ್ಕೆ ಆಪಾ ನನ್ನನ್ನು ಅಂಗಡಿಯಿಂದ ಮೇಲೆ ಕರೆದರು. ಒಂದು ಸಾಸರಿನಲ್ಲಿ ಸೀಗಡಿಯ ಒದ್ದೆ ಪೊರೆಯನ್ನು ತೋರಿಸಿದರು. "ನಿನ್ನೆ ಕಳಚಿತು, ಒಳಗೆ ಮಲಗಿದೆ. ಪೈಪಿನ ಹಿಂದೆ ಅದು ತಿಂದ ಬಸವನಹುಳದ ಚಿಪ್ಪಿನ ಚೂರು ಸಿಕ್ಕೊಂಡು ನೀರು ತಿರುಗ್ತಿಲ್ಲ. ನನ್ನ ಕೈ ದಪ್ಪ, ನಿಂದಾದ್ರೆ ಹೋಗತ್ತೆ" ಎಂದರು. ನನ್ನ ಬಳೆಗಳನ್ನು ಅವರೇ ಬಿಚ್ಚಿ ಮೇಜಿನ ಮೇಲಿಟ್ಟರು. ನಾನು ಬಲಗೈಯನ್ನು ಮೊಣಕೈವರೆಗೆ ಇಳಿಸಿದೆನು. ನಮ್ಮ ಕೆಲಸದಲ್ಲಿ ಬೆರಳ ತುದಿ ಸದಾ ಕೆಂಪಗೇ ಇರುತ್ತದೆ. 11-26ಕ್ಕೆ ಟಕ್ ಎಂದು ಶಬ್ದವಾಯಿತು, ಹಿಂದೆಯೇ ಇನ್ನೊಂದು. ಹೆಬ್ಬೆರಳು ಒಡೆದು ನೀರು ಕೆಂಪಾಯಿತು. ನಾನು ಕೂಗಿಕೊಂಡೆನು. ಎರಡು ಅಡಿ ದೂರದಲ್ಲಿ ನಿಂತಿದ್ದ ಆಪಾ ಮೊದಲು ತೊಟ್ಟಿಯ ಮುಚ್ಚಳ ಮುಚ್ಚಿದರು. ಆಮೇಲೆ ನನಗೆ ಟವೆಲ್ ಕೊಟ್ಟರು.

ಆಟೋದಲ್ಲಿ, ಬಾಗಿಲಿಗೆ ಸಿಕ್ಕಿತೆಂದು ಹೇಳಬೇಕು, ಇಲ್ಲದಿದ್ದರೆ ಪಾಪದ ಪ್ರಾಣಿಯನ್ನು ಎತ್ತಿಕೊಂಡು ಹೋಗುತ್ತಾರೆ ಎಂದು ಆಪಾ ಕಿವಿಯಲ್ಲಿ ಹೇಳಿದರು. ಆಸ್ಪತ್ರೆಯಲ್ಲಿ ನಾನು ಹಾಗೆಯೇ ಹೇಳಿದ್ದು ನಿಜ. ಮೂಳೆ ಎರಡು ಕಡೆ ಮುರಿದು ನರ ಕತ್ತರಿಸಿತ್ತು. ಆಪರೇಷನ್ ಆಯಿತು. ಹೆಬ್ಬೆರಳ ತುದಿ ಇನ್ನು ಮಡಚುವುದಿಲ್ಲ, ಒತ್ತಿ ಹಿಡಿಯುವ ಕೆಲಸ ಆಗದು ಎಂದು ದಿನಾಂಕ 22-11-2025ರಂದು ಡಾಕ್ಟರು ತಿಳಿಸಿದರು. ಮೆಹಂದಿ ಕೋನನ್ನು ಒತ್ತುವುದು ಹೆಬ್ಬೆರಳಿನಿಂದಲೇ. ಮರುದಿನ, ನಾನು ಒಪ್ಪಿಕೊಂಡಿದ್ದ ಮದುವೆಗೆ ಆಪಾ ಹೋದರು. ಮದುವಣಗಿತ್ತಿಯ ಎರಡು ಕೈಗಳ ಫೋಟೋವನ್ನು ಮಧ್ಯಾಹ್ನ 2-10ಕ್ಕೆ ನನಗೆ ಕಳಿಸಿದರು. ಹಾಕಿದ್ದು ನನ್ನ ಡಿಸೈನ್.

ದಿನಾಂಕ 28-11-2025ರಂದು ಮಧ್ಯಾಹ್ನ 3-30ಕ್ಕೆ ಆಪಾರ ಮನೆಗೆಲಸದ ಗಂಗಾ ನಮ್ಮ ಮನೆಗೆ ಬಂದಳು. ಯಾದಗಿರಿ ಕಡೆಯವಳು, ಕೃಷ್ಣರಾಜಪುರದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ. ಚೀಲದಿಂದ ಒಂದೂವರೆ ಅಡಿ ಉದ್ದದ ಕಡ್ಡಿಯೊಂದನ್ನು ತೆಗೆದು ಕೊಟ್ಟು, "ಯಕ್ಕಾ, ದಿನಾ ಅಕ್ಕೋರು ಇದಕ ಬಸವನಹುಳ ಕಟ್ಟಿ ಪೈಪಿನ ಮೂಲ್ಯಾಗ ಇಳಸ್ತಿದ್ರು. ಪೊರಿ ಬಿಟ್ಟಿದ್ದು ದೀಪಾವಳಿ ಮುಂದ. ಡಬ್ಬ್ಯಾಗ ಹಾಕಿ ಫ್ರಿಜ್‌ನಾಗ ಇಟ್ಟಿದ್ರು" ಎಂದಳು. ಕಡ್ಡಿಯ ತುದಿಗೆ ಬಟ್ಟೆ ಸುತ್ತಿ, ಮೆಹಂದಿಯಲ್ಲಿ ಅದ್ದಿ ಒಣಗಿಸಿತ್ತು. ನಾನು ಆ ಬಟ್ಟೆ ಸುತ್ತಿದ ತುದಿಯನ್ನು ನನ್ನ ಎಡಗೈ ಹೆಬ್ಬೆರಳಿನ ಪಕ್ಕ ಹಿಡಿದು ನೋಡಿದೆನು. ದಪ್ಪವೂ ಉದ್ದವೂ ಅದರಷ್ಟೇ ಇತ್ತು. ಇಲ್ಲಿಂದ ಮುಂದೆ ಅವಳನ್ನು ನಾನು ಆಪಾ ಎನ್ನುವುದಿಲ್ಲ. ಕಡ್ಡಿಯನ್ನು ಈ ದಿನ ಹಾಜರುಪಡಿಸಿರುತ್ತೇನೆ.

ನಿನ್ನೆ ಸಂಜೆ 6-00 ಗಂಟೆಗೆ ಫಾಯಿಜಾ ನನ್ನನ್ನು ನೋಡಲು ಬಂದಾಗ ಕಡ್ಡಿಯನ್ನು ಅವಳ ಮುಂದಿಟ್ಟೆನು. ಅವಳು ಅದನ್ನು ಪಕ್ಕಕ್ಕೆ ಸರಿಸಿ, "ನೀನು ಎಲ್ಲಿಗೆ ಹೋಗ್ತೀಯಾ ಮೆಹ್ವಿಶ್? ನಾಳೆಯಿಂದ ಬಾ. ಮೆಹಂದಿ ಕಲಸೋಕೆ ಹೆಬ್ಬೆರಳು ಬೇಕಾಗಲ್ಲ" ಎಂದಳು. ನನ್ನ ತಾಯಿ ಅವಳಿಗೆ ಚಹಾ ಮಾಡಿಕೊಟ್ಟು, ಅಕ್ಕ ಇಷ್ಟು ಕರೆಯುವಾಗ ಹೋಗು ಎಂದು ನನಗೆ ಬುದ್ಧಿ ಹೇಳಿದರು.

ಈ ದಿನ ಇಲ್ಲಿ ಬರೆದುಕೊಳ್ಳುವವರು, "ಸೀಗಡಿ ಹೊಡೀತಾ ಮೇಡಂ?" ಎಂದು ನಕ್ಕರು. ಎಕ್ಸ್‌ರೇ ತೋರಿಸಿದ ಮೇಲೆ ನಗಲಿಲ್ಲ. ಠಾಣೆಯಿಂದ ಫೋನ್ ಮಾಡಿ ಕೇಳಿದಾಗ ಫಾಯಿಜಾ, ಇದು ಆಕಸ್ಮಿಕವೆಂದೂ, ಪೊರೆ ಕಳಚಿದ್ದು ಹಿಂದಿನ ದಿನವೇ ಎಂದೂ, ಸೀಗಡಿಗೆ ಯಾರಾದರೂ ಪಾಠ ಹೇಳುತ್ತಾರೆಯೇ ಎಂದೂ ಹೇಳಿರುತ್ತಾಳೆ.

ಆದ್ದರಿಂದ ನನ್ನ ಕೋರಿಕೆ ಒಂದೇ. ಮಹಜರಿಗೆ ಹೋದಾಗ, ಪಂಚರ ಸಮಕ್ಷಮ, ಫಾಯಿಜಾಳ ಬಲಗೈ ಹೆಬ್ಬೆರಳನ್ನು ಅದೇ ಮೂಲೆಯಲ್ಲಿ ನೀರಿಗೆ ಇಳಿಸಿ ನೋಡಬೇಕು. ಆಕಸ್ಮಿಕವಾಗಿದ್ದರೆ ಅವಳು ಹೆದರುವ ಕಾರಣವಿಲ್ಲ. ಕಾನೂನಿನಲ್ಲಿ ಹಾಗೆ ಮಾಡಲು ಬರುವುದಿಲ್ಲವೆಂದು ಇನ್ಸ್‌ಪೆಕ್ಟರ್ ಸಾಹೇಬರು ತಿಳಿಸಿದರು. ಬರದಿದ್ದರೂ ನಾನು ಕೇಳಿದೆನೆಂದು ಬರೆದುಕೊಳ್ಳಿ. ಅವಳ ಬೆರಳಿಗೆ ಮೆಹಂದಿಯನ್ನು ಎಡಗೈಯಲ್ಲಿ ನಾನೇ ಹಚ್ಚಿಕೊಡುತ್ತೇನೆ.

ಮೇಲೆ ಬರೆದಿರುವುದನ್ನು ಓದಿ ಹೇಳಲಾಗಿ ಕೇಳಿದ್ದೇನೆ. ನಾನು ಹೇಳಿದ್ದೇ ಇದೆ, ನಾನು ಹೇಳಿದ್ದು ನಿಜವಿದೆ.

ಸ್ಥಳ: ಬೆಂಗಳೂರು
ದಿನಾಂಕ: 01-12-2025

ಸಹಿ: ಮೆಹ್ವಿಶ್ (ಎಡಗೈಯಲ್ಲಿ)