ಉಬ್ಬಿತು, ಇಳೀತು

ಯಾಂಗೊನ್ ಹೊಳೆಯ ತುಂಬ ಬೆಳಗಿನ ಮಂಜು. ನಮ್ಮ ದೋಣಿ ನಿಂತಿದೆಯೋ ತೇಲುತ್ತಿದೆಯೋ ತಿಳಿಯುತ್ತಿರಲಿಲ್ಲ. ನನ್ನೆದುರು ತುಂಬು ಗರ್ಭಿಣಿ, ಕೆನ್ನೆಗೆ ಹಚ್ಚಿದ ಥನಾಕಾ ಮರದ ಲೇಪ ಅರ್ಧ ಅಳಿಸಿತ್ತು. ಪಕ್ಕದಲ್ಲಿ ಅವಳ ಅತ್ತೆ.

"ನಿನ್ನೆಯಿಂದ ಕೂಸು ಅಲ್ಲಾಡಿಲ್ಲ ಅತ್ತೆ. ಏನೇನೋ ಯೋಚನೆ ಬರುತ್ತೆ."

"ಆಸ್ಪತ್ರೆಗೇ ಹೋಗ್ತಿದೀವಲ್ಲ, ನ್ವೇ. ಮಠದಲ್ಲಿ ಧ್ಯಾನ ಕಲಿಸಿದ್ದು ಮರೆತ್ಯಾ? ಕಣ್ಮುಚ್ಚು. ಉಸಿರಿಗೆ ಹೊಟ್ಟೆ ಉಬ್ಬಿದ್ರೆ ಉಬ್ಬಿತು ಅನ್ನು, ಇಳಿದ್ರೆ ಇಳೀತು ಅನ್ನು."

"ಉಬ್ಬಿತು... ಇಳೀತು... ಭಯ."

"ಭಯ ಅಂತ ಹೆಸರಿಟ್ಟು ಬಿಟ್ಬಿಡು. ಮತ್ತೆ ಹೊಟ್ಟೆಗೆ ಬಾ."

"ಉಬ್ಬಿತು... ಇಳೀತು... ಒದೀತು."

"ಒದೀತು ಅಂತ ಯಾವ ಗುರುಗಳು ಹೇಳ್ಕೊಟ್ರೇ ನಿಂಗೆ?"

"ಅತ್ತೆ, ಒದೀತು!"

ದೋಣಿ ದಡ ಮುಟ್ಟಿತು. ಹಲಗೆ ದಾಟುವಾಗ ಸೊಸೆಯ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತೆಯೇ ಗುನುಗುತ್ತಿದ್ದಳು: "ಒದೀತು... ಒದೀತು..."