ಬಿರುಕಿನ ಮೇಲೆ ಗೀರಿದ ತಾರೀಖು

ಹೆಸರು: ಆಲ್ಫೋನ್ಸ್ ಪಿಯೋಂಟೆಕ್. ವಯಸ್ಸು: 61. ಉದ್ಯೋಗ: ಕಲ್ಲಿದ್ದಲು ಗಣಿಯಲ್ಲಿ ಅಗೆಯುವ ಕೆಲಸ, ಈಗ ನಿವೃತ್ತ. ವಾಸ: 14, ಎರ್ಲೆನ್ ಬೀದಿ, ನೋರ್ಡ್‌ಹೊಲ್ಟ್, ರೂರ್ ಪ್ರದೇಶ, ಪಶ್ಚಿಮ ಜರ್ಮನಿ.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸುತ್ತಿರುವುದೇನೆಂದರೆ, ಇಂದು ಬೆಳಿಗ್ಗೆ ನೆರೆಮನೆಯ ಹನ್ನೆಲೋರೆ ಬ್ರಿಂಕ್‌ಮನ್ ಅವರ ಪ್ರಾಣ ಉಳಿಸಿದವನು ನಾನು ಎಂದು ನಿಮ್ಮ ಕಾಗದದಲ್ಲಿ ದಾಖಲಾಗಿದೆ. ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ಹೇಳಲು ಬಂದಿದ್ದೇನೆ.

14 ಮತ್ತು 16 ಒಂದೇ ನಡುಗೋಡೆಯ ಜೋಡಿ ಮನೆಗಳು. 22 ವರ್ಷಗಳಿಂದ 14ರಲ್ಲಿ ನಾನು, 16ರಲ್ಲಿ ಹನ್ನೆಲೋರೆ. 1961ರಲ್ಲಿ ಈ ಮನೆಗಳ ಕೆಳಗೆ, 610 ಮೀಟರ್ ಆಳದಲ್ಲಿ, ಕಲ್ಲಿದ್ದಲು ತೆಗೆದವರಲ್ಲಿ ನಾನೂ ಒಬ್ಬ. ಈಗ ಅದಕ್ಕೂ ಕೆಳಗಿನ ಪದರವನ್ನು ತೆಗೆಯುತ್ತಿದ್ದಾರೆ. ಕೆಳಗೆ ಖಾಲಿಯಾದರೆ ಮೇಲಿನದು ಕೂರುತ್ತದೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

1982ರ ಅಕ್ಟೋಬರ್‌ನಲ್ಲಿ ನನ್ನ ನೆಲಮಾಳಿಗೆಯ ನಡುಗೋಡೆಯಲ್ಲಿ ಬಿರುಕು ಕಾಣಿಸಿತು. ದಿನಾಂಕ 12ರಂದು ಗಣಿ ಕಂಪನಿಯ ಅಳತೆಗಾರ ಫೆನ್‌ಹೋಫ್ ಬಂದು, ಬಿರುಕಿಗೆ ಅಡ್ಡಲಾಗಿ ಅಂಗೈಯಗಲದ ಪ್ಲಾಸ್ಟರ್ ಪಟ್ಟಿ ಹಾಕಿ, ಹಸಿ ಇರುವಾಗಲೇ ಮೊಳೆಯಿಂದ ಅಂದಿನ ತಾರೀಖು ಗೀರಿದರು. ಗೋಡೆ ಸರಿದರೆ ಪಟ್ಟಿ ಸೀಳುತ್ತದೆ, ಸೀಳಿದರೆ ಎರಡೂ ಮನೆ ಖಾಲಿ ಮಾಡಬೇಕು ಎಂದು ತಿಳಿಸಿದರು. ಬದಲಿಗೆ ಕೊಡುವುದು 9 ಕಿಲೋಮೀಟರ್ ದೂರದಲ್ಲಿ ಮೂರನೇ ಮಹಡಿಯ ಮನೆ ಎಂದೂ ಹೇಳಿದರು.

ನನ್ನ ಅಟ್ಟದಲ್ಲಿ ಪಂದ್ಯದ ಪಾರಿವಾಳಗಳಿವೆ. ಎಷ್ಟು ದೂರ ಒಯ್ದು ಬಿಟ್ಟರೂ ಅವು ತಾವು ಹುಟ್ಟಿದ ಗೂಡಿಗೇ ಬರುತ್ತವೆ. ಮನೆ ಬದಲಾಯಿತು ಅಂತ ಅವಕ್ಕೆ ಕಾಗದ ಬರೆಯಲಾಗುತ್ತದೆಯೇ? ಮಾಡಿದ್ದೆಲ್ಲ ಇದಕ್ಕಾಗಿ. ಬೇರೆ ಕಾರಣ ಹುಡುಕಬೇಡಿ.

1983ರ ಜನವರಿ 3ರಂದು ಪಟ್ಟಿ ಸೀಳಿತು. ನಾನು ಅದನ್ನು ಕೆತ್ತಿ ತೆಗೆದು, ಹೊಸ ಪ್ಲಾಸ್ಟರ್ ಹಚ್ಚಿ, ಅದರ ಮೇಲೆ ಹಳೆಯ ತಾರೀಖನ್ನೇ ಗೀರಿದೆ. ಹೊಸದು ಬೆಳ್ಳಗೆ ಹೊಳೆಯುತ್ತಿದ್ದರಿಂದ ಒಲೆಯ ಪಕ್ಕದ ಕಲ್ಲಿದ್ದಲ ಪುಡಿ ತಿಕ್ಕಿದೆ. ಫೆಬ್ರವರಿ 20, ಏಪ್ರಿಲ್ 2 ಮತ್ತು ಮೇ 8ರಂದು ಇದನ್ನೇ ಮಾಡಿದೆ.

ಫೆನ್‌ಹೋಫ್ ಪ್ರತಿ ತಿಂಗಳ ಎರಡನೇ ಮಂಗಳವಾರ ಬಂದು ನೋಡುತ್ತಿದ್ದರು. ಮೇ ತಿಂಗಳಲ್ಲಿ ಅವರು ನನ್ನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ, “ಬೀದೀಲಿ ಎಲ್ಲರ ಮನೆನೂ ಕುಣೀತಿದೆ ಯಜಮಾನ್ರೇ, ನಿಮ್ದೊಂದು ಗಟ್ಟಿಯಾಗಿ ಕೂತಿದೆ ನೋಡಿ” ಎಂದು ಹೇಳಿರುತ್ತಾರೆ. ನನಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. ಅದನ್ನೂ ಬರೆದುಕೊಳ್ಳಿ.

ಈ ನಡುವೆ ಹನ್ನೆಲೋರೆಯ ಮುಂಬಾಗಿಲು ನೆಲಕ್ಕೆ ತಾಗಿ ಮುಚ್ಚದಂತಾಗಿತ್ತು. ಅವರು ಬೇಲಿಯಾಚೆಯಿಂದ, “ಏನಯ್ಯಾ ಆಲ್ಫೋನ್ಸ್, ಈ ಬಾಗಿಲು ನನ್ನ ಥರಾನೇ ದಪ್ಪ ಆಗ್ತಿದ್ಯಲ್ಲ!” ಎಂದು ನಕ್ಕರು. ಥಂಡಿಗೆ ಮರ ಉಬ್ಬಿದೆ ಎಂದು ನಾನು ಹೇಳಿದೆ. ಮಾರ್ಚ್‌ನಲ್ಲಿ 4 ಮಿಲಿಮೀಟರ್, ಮೇ ತಿಂಗಳಲ್ಲಿ ಮತ್ತೆ 5 ಮಿಲಿಮೀಟರ್ ಬಾಗಿಲಿನ ಅಡಿ ಹೆರೆದುಕೊಟ್ಟೆ. ಎರಡು ಸಲವೂ ಅವರು ಪ್ಲಮ್ ಹಣ್ಣಿನ ಕೇಕ್ ಕೊಟ್ಟರು. ಎರಡು ಸಲವೂ ತಿಂದೆ.

ನಿನ್ನೆ, ಜೂನ್ 10ರ ಶುಕ್ರವಾರ ಸಂಜೆ 5.20ಕ್ಕೆ ನೋಡಿದಾಗ ಪಟ್ಟಿ ಎರಡು ತುಂಡಾಗಿ, ನಡುವೆ ಬೆರಳು ಹೋಗುವಷ್ಟು ಜಾಗವಿತ್ತು. 6 ಗಂಟೆಗೆ ಹದಿನಾಲ್ಕು ಹಕ್ಕಿಗಳನ್ನು ಪಂದ್ಯದ ಲಾರಿಗೆ ಒಪ್ಪಿಸಬೇಕಿತ್ತು. ಭಾನುವಾರ ಅವು ವಾಪಸು ಬರಲಿ, ಸೋಮವಾರ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡು ಬುಟ್ಟಿ ಎತ್ತಿಕೊಂಡು ಹೋದೆ. ಹೋಗುವಾಗ ಹನ್ನೆಲೋರೆ ಕಿಟಕಿಯಲ್ಲಿದ್ದರು. ಕೈಬೀಸಿದರು. ನಾನೂ ಬೀಸಿದೆ.

ಇಂದು ಬೆಳಿಗ್ಗೆ 6.50ಕ್ಕೆ ಕೆಳಗಿನಿಂದ ಗುಡುಗಿದಂತಾಯಿತು. ಗ್ಯಾಸ್ ವಾಸನೆ ಬಂತು. 16ರ ಒಳಗಿನಿಂದ ಹನ್ನೆಲೋರೆ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಚೌಕಟ್ಟು ಓರೆಯಾಗಿ, ನಾನು ಹೆರೆದಿದ್ದ ಅದೇ ಬಾಗಿಲು ಕಚ್ಚಿಕೊಂಡಿತ್ತು. ಗಣಿಯ ಹಳೆಯ ಗುದ್ದಲಿಯಿಂದ ಅದನ್ನು ಒಡೆಯಲು 9 ನಿಮಿಷ ಹಿಡಿಯಿತು. ಅವರು ಮೆಟ್ಟಿಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಎತ್ತಿ ಹೊರಗೆ ತಂದೆ. 7.40ಕ್ಕೆ ಅಗ್ನಿಶಾಮಕದವರು ಎರಡೂ ಮನೆಗಳ ಸುತ್ತ ಹಗ್ಗ ಕಟ್ಟಿದರು.

11.15ಕ್ಕೆ ಆಸ್ಪತ್ರೆಯಲ್ಲಿ ಅವರು ನನ್ನ ಕೈ ಹಿಡಿದು, “ನೀನಿಲ್ದಿದ್ರೆ ನಾನು ಹೋಗೇಬಿಡ್ತಿದ್ದೆ ಕಣಯ್ಯಾ” ಎಂದರು. ನನಗೆ ತಡೆಯಲಾಗಲಿಲ್ಲ. ಪಟ್ಟಿಯ ವಿಷಯ, ತಾರೀಖಿನ ವಿಷಯ, ಎಲ್ಲ ಹೇಳಿದೆ. ಅವರು ಕೈ ಬಿಡಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. “ಕೇಕ್ ಬೇರೆ ತಿಂದ್ಯಲ್ಲೋ” ಎಂದು ಮಾತ್ರ ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಅಲ್ಲಿಂದ ನೇರವಾಗಿ ಇಲ್ಲಿಗೆ ನಡೆದು ಬಂದೆ.

ಫೆನ್‌ಹೋಫ್ ಅವರದು ಇದರಲ್ಲಿ ಏನೂ ತಪ್ಪಿಲ್ಲ. ಅವರು ನನ್ನ ಮಾತನ್ನಲ್ಲ, ಪಟ್ಟಿಯನ್ನು ನಂಬಿದ್ದರು.

ಒಂದು ಕೋರಿಕೆ ಇದೆ. ನಾಳೆ ಬೆಳಿಗ್ಗೆ 6.30ಕ್ಕೆ ದೂರದ ರೇಗನ್ಸ್‌ಬುರ್ಗ್ ಊರಿನಲ್ಲಿ ಪಂದ್ಯದ ಹಕ್ಕಿಗಳನ್ನು ಬಿಡುತ್ತಾರೆ. ಗಾಳಿ ಹಿಂದಿನಿಂದ ಬೀಸಿದರೆ ಮಧ್ಯಾಹ್ನ 12.30ರ ಹೊತ್ತಿಗೆ ಬಂದುಬಿಡುತ್ತವೆ. ಅಟ್ಟದ ಕಿಂಡಿ ತೆರೆದಿಡಿ ಎಂದು ಕೇಳಲು ನಾನು ಬಂದಿಲ್ಲ. ಆ ಸೂರು ಯಾವಾಗ ಕುಸಿಯುತ್ತದೋ ಗೊತ್ತಿಲ್ಲ. ಅಗ್ನಿಶಾಮಕದವರು ಏಣಿಯ ಮೇಲಿಂದ ಆ ಕಿಂಡಿಗೆ ಹಲಗೆ ಬಡಿದು ಮುಚ್ಚಿಬಿಡಲಿ, ಅವು ಒಳಗೆ ಹೋಗಬಾರದು. ನಾನು ಹಗ್ಗದ ಈಚೆ ಕಾಳಿನ ಡಬ್ಬಿ ಅಲ್ಲಾಡಿಸುತ್ತ ನಿಲ್ಲಲು ಅನುಮತಿ ಕೊಡಿ. ಆ ಸದ್ದು ಅವಕ್ಕೆ ಗೊತ್ತು. ಬಂದರೆ ಬಂದಾವು.

ಮೇಲಿನದನ್ನು ನನಗೆ ಓದಿ ಹೇಳಲಾಗಿದೆ, ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲ. ಕೆಳಗಿನ ತಾರೀಖನ್ನು ಟೈಪ್ ಮಾಡುವುದು ಬೇಡವೆಂದು ಕೇಳಿಕೊಂಡು ನನ್ನ ಕೈಯಿಂದಲೇ ಬರೆದಿದ್ದೇನೆ. ಇದು ಇವತ್ತಿನದೇ.

ಸ್ಥಳ: ನೋರ್ಡ್‌ಹೊಲ್ಟ್ ಪೊಲೀಸ್ ಠಾಣೆ
ದಿನಾಂಕ: 11-6-1983, ಶನಿವಾರ, ಮಧ್ಯಾಹ್ನ 1.05

ಸಹಿ: ಆಲ್ಫೋನ್ಸ್ ಪಿಯೋಂಟೆಕ್