ಅಕ್ಕನ ದನಿ ತುಂಬಿದ್ದ ಕಪ್ಪು ಲ್ಯಾಪ್‌ಟಾಪನ್ನು ಗುರುತು ಹಚ್ಚಿದ ಬಗ್ಗೆ

ಹೆಸರು: ದೂರಿನಲ್ಲಿ ಬರೆಸಿದಂತೆ, ವಾದ್ಯಗೋಷ್ಠಿಯಲ್ಲಿ ಎಲ್ಲರೂ ಕರೆಯುವುದು ‘ಮೂರುಕೈ’. ವಯಸ್ಸು: 45. ವಿದ್ಯೆ: ಬಿ.ಎ., ಕನ್ನಡ ಮಾಧ್ಯಮ. ಉದ್ಯೋಗ: ಕೀಬೋರ್ಡ್ ನುಡಿಸುವುದು. ವಾಸ: ಇಸ್ತ್ರಿ ಅಂಗಡಿಯ ಮೇಲಿನ ಮಹಡಿ, ಅಕ್ಕನ ಜೊತೆ.

ಇಂದು ಠಾಣೆಗೆ ಕರೆದದ್ದರಿಂದ ಹಾಜರಾಗಿ, ಕೇಳಿದ್ದಕ್ಕೂ ಕೇಳದೆ ಬಿಟ್ಟದ್ದಕ್ಕೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಅಕ್ಕ, 52 ವರ್ಷ, ನಮ್ಮ ಗೋಷ್ಠಿಯ ಗಾಯಕಿ. ಇಪ್ಪತ್ತೊಂಬತ್ತು ವರ್ಷದಿಂದ ಅವರು ಹಾಡುತ್ತಾರೆ, ನಾನು ಹಿಂದೆ ಓಡುತ್ತೇನೆ. ಇದೇ ತಿಂಗಳ 2ರಂದು ಬೆಳಿಗ್ಗೆ 11ಕ್ಕೆ ವೈದ್ಯರು ಅವರ ಗಂಟಲಲ್ಲಿ ಗಂಟಿದೆ, 12ನೇ ತಾರೀಕು ಆಪರೇಷನ್, ಆಮೇಲೆ ಹತ್ತು ದಿನ ಒಂದು ಮಾತೂ ಆಡಬಾರದು ಎಂದು ಹೇಳಿದರು. ದನಿ ಮೊದಲಿನಂತೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ, ಮಾತು ಬರಬಹುದು, ಹಾಡಿನ ಬಗ್ಗೆ ನಾನು ಮಾತು ಕೊಡಲಾರೆ ಎಂದರು. ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಕುಳಿತಿದ್ದರು. ಏಳನೇ ನಿಲ್ದಾಣ ದಾಟಿದ ಮೇಲೆ, ಹಾಗಾದ್ರೆ ಇರೋ ದನೀನ ಹಿಡಿದಿಟ್ಟುಕೊಳ್ಳೋ, ಆ ನಿನ್ನ ಡಬ್ಬದಲ್ಲಿ ಏನೇನೋ ತುಂಬ್ತೀಯಲ್ಲ ಎಂದರು.

ನನ್ನ ಹಳೆಯ ಲ್ಯಾಪ್‌ಟಾಪಿಗೆ ಆ ಶಕ್ತಿ ಇರಲಿಲ್ಲ. ಆದ್ದರಿಂದ 4ರಂದು ಮಧ್ಯಾಹ್ನ 3ಕ್ಕೆ ಇಬ್ಬರೂ ಹಳೆ ಲ್ಯಾಪ್‌ಟಾಪ್ ಮಾರುವ ಅಂಗಡಿಗೆ ಹೋದೆವು. ನನಗೆ ಬೇಕಾದದ್ದು ಎರಡು ಗುಣ. ವೇದಿಕೆಯಲ್ಲಿ ಬೆರಳು ಒತ್ತಿದೊಡನೆ ಸದ್ದು ಬರಬೇಕು, ಕಣ್ಣು ಮಿಟುಕಿಸುವಷ್ಟು ತಡವಾದರೂ ತಾಳ ಹಾಳು. ರೆಕಾರ್ಡಿಂಗಿಗೆ ಕೂತಾಗ ಯಂತ್ರ ಉಸಿರೆತ್ತಬಾರದು, ಏಕೆಂದರೆ ಅದರ ಫ್ಯಾನಿನ ಸದ್ದನ್ನು ಮೈಕು ಮೊದಲು ಹಿಡಿಯುತ್ತದೆ. ಅಂಗಡಿಯವನು ಮೊದಲು ಬಣ್ಣದ ದೀಪ ಮಿನುಗುವ ಒಂದನ್ನು ತೋರಿಸಿ, ನೋಟ ನೋಡಿ ಸರ್ ಎಂದ. ಅಕ್ಕ, ನೋಟ ಯಾರಿಗೆ ಬೇಕಪ್ಪ, ಓಟ ತೋರಿಸು ಎಂದು ಅದರ ಪಕ್ಕಕ್ಕೆ ಕಿವಿ ಇಟ್ಟು, ಇದು ಹಿಟ್ಟಿನ ಗಿರಣಿ ಎಂದು ತಳ್ಳಿದರು. ಹೀಗೆ ನಾಲ್ಕು ಯಂತ್ರಗಳಿಗೆ ಕಿವಿಗೊಟ್ಟಾಗ ಅಂಗಡಿಯವನು ಸ್ಟೆತಸ್ಕೋಪ್ ತರಿಸಲಾ ಮೇಡಂ ಎಂದು ಕೇಳಿದ. ಬೇಡ, ಅದನ್ನ ಈಗ ನನಗೇ ಇಡ್ತಿದಾರೆ ಎಂದು ಅಕ್ಕ ನಕ್ಕರು. ಅವನು ನಗಲಿಲ್ಲ, ಕುರ್ಚಿ ತಂದು ಹಾಕಿದ. ಐದನೆಯದು ಕಪ್ಪು, ಸಾದಾ, ಹದಿನಾರು ಜಿಬಿ. ಅಕ್ಕ ಅದಕ್ಕೆ ಕಿವಿ ಇಟ್ಟು ಬಹಳ ಹೊತ್ತು ಎತ್ತಲಿಲ್ಲ. ಇದು ಕೇಳಿಸಿಕೊಳ್ಳೋ ಥರ ಇದೆ ಕಣೋ ಎಂದರು. 5 ಗಂಟೆ 10 ನಿಮಿಷಕ್ಕೆ ಅದನ್ನೇ ಕೊಂಡೆವು. ರಸೀದಿಯಲ್ಲಿ ‘ಕಪ್ಪು ಲ್ಯಾಪ್‌ಟಾಪ್, ಒಂದು’ ಎಂದಷ್ಟೇ ಇದೆ.

5ರಿಂದ 8ರವರೆಗೆ, ದಿನಾ ಬೆಳಿಗ್ಗೆ 6ರಿಂದ 8, ಕೆಳಗೆ ಇಸ್ತ್ರಿ ಅಂಗಡಿ ತೆರೆಯುವ ಮೊದಲು, ಸದ್ದು ಮಾರ್ದನಿಸದಂತೆ ಬಟ್ಟೆ ಬೀರುವಿನ ಬಾಗಿಲು ತೆರೆದು, ಗೋಡೆಗೆ ನಾಲ್ಕು ರಜಾಯಿ ನೇತುಹಾಕಿ ರೆಕಾರ್ಡ್ ಮಾಡಿದೆವು. ಕೀಬೋರ್ಡಿನ ಇಪ್ಪತ್ತೈದು ಮನೆಗಳಲ್ಲಿ, ಅಂದರೆ ಕೀಗಳಲ್ಲಿ, ಒಂದೊಂದಕ್ಕೂ ಅಕ್ಕ ಒಂದೊಂದು ಸ್ವರ ಹಿಡಿದು ನಿಲ್ಲಿಸಬೇಕು, ಮೆಲ್ಲಗೆ ಒಮ್ಮೆ, ಹದವಾಗಿ ಒಮ್ಮೆ, ತುಂಬಿ ಒಮ್ಮೆ. ಒಟ್ಟು ಎಪ್ಪತ್ತೈದು. ಹಾಗೆ ಮಾಡಿದರೆ ನಾನು ಮನೆ ಒತ್ತಿದಾಗ ಅಕ್ಕನ ದನಿ ಹಾಡುತ್ತದೆ. ಕತ್ತರಿಸದೆ ಇಟ್ಟದ್ದಕ್ಕೆ ‘ಕಚ್ಚಾ ಅಕ್ಕ’, ಕತ್ತರಿಸಿ ಹೊಂದಿಸಿದ್ದಕ್ಕೆ ‘ಪಕ್ಕಾ ಅಕ್ಕ’ ಎಂದು ಫೋಲ್ಡರಿಗೆ ಹೆಸರಿಟ್ಟೆ. ನಾನೇನು ಕಚ್ಚಾ ಎಣ್ಣೆಯೇನೋ ಎಂದು ಬೈದರು. ಆ ಬೈಗುಳವೂ ರೆಕಾರ್ಡ್ ಆಗಿದೆ.

ಪಾಸ್‌ವರ್ಡ್ ಯಾಕೆ ಇರಲಿಲ್ಲ, ನಕಲು ಯಾಕೆ ಇಡಲಿಲ್ಲ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಕೇಳಿರುತ್ತಾರೆ. ವೇದಿಕೆಗೆ ಯಂತ್ರ ಸಿದ್ಧ ಮಾಡುವಾಗ ನಾವು ಮೊದಲು ಮಾಡುವುದು ಅದರ ಬಾಯಿ ಕಟ್ಟುವುದು. ಹಾಡಿನ ನಡುವೆ ಪರದೆ ಆರಿ ಗುಪ್ತಪದ ಕೇಳಿದರೆ ಗಾಯಕಿ ಗಾಳಿಯಲ್ಲಿ ನಿಲ್ಲುತ್ತಾಳೆ. ಆದ್ದರಿಂದ ಪಾಸ್‌ವರ್ಡ್ ತೆಗೆದೆ, ಇಂಟರ್ನೆಟ್ ತೆಗೆದೆ, ಕಳೆದರೆ ಹುಡುಕುವ ಸೌಲಭ್ಯ ತೆಗೆದೆ, ತಾನೇ ನಕಲು ಇಡುವುದನ್ನೂ ತೆಗೆದೆ. ಕೈಯಾರೆ ನಕಲು ಇಡೋಣ ಎಂದುಕೊಂಡೆ. ಆಸ್ಪತ್ರೆಯ ಓಡಾಟದಲ್ಲಿ ಇಡಲಿಲ್ಲ. ಇದು ನನ್ನ ತಪ್ಪು.

12ರಂದು ಆಪರೇಷನ್ ಆಯಿತು. 15ರಂದು ಸಂಜೆ 4ಕ್ಕೆ ನಿವೃತ್ತ ನೌಕರರ ಸಂಘದ ಕಾರ್ಯಕ್ರಮವಿತ್ತು. ನಾನು ಹೋಗುವುದಿಲ್ಲ ಎಂದೆ. ಅಕ್ಕ ನೋಟ್‌ಬುಕ್ಕಿನಲ್ಲಿ, ನನ್ನನ್ನೂ ಕರ್ಕೊಂಡು ಹೋಗು, ಡಬ್ಬದಲ್ಲಿ ಎಂದು ಬರೆದರು. ಹೋದೆ. ಬೇರೊಬ್ಬ ಹುಡುಗಿ ಹಾಡಿದಳು, ಅವಳ ಬೆನ್ನಿಗೆ ಅಕ್ಕನ ದನಿಯ ಆಲಾಪ ನುಡಿಸಿದೆ. 6 ಗಂಟೆ 20ಕ್ಕೆ ಯಂತ್ರವನ್ನು ಚೀಲದಲ್ಲಿಟ್ಟು, ಹನ್ನೆರಡು ಅಡಿ ದೂರದಲ್ಲಿ ಚಹಾ ಕುಡಿದು 6 ಗಂಟೆ 28ಕ್ಕೆ ಬಂದೆ. ಚೀಲ ಇರಲಿಲ್ಲ. ಠಾಣೆಯಲ್ಲಿ ದೂರು ಕೊಟ್ಟು ಮನೆಗೆ ಹೋಗಿ ಹೇಳಿದಾಗ ಅಕ್ಕ ನೋಟ್‌ಬುಕ್ ತೆಗೆದುಕೊಂಡರು, ಮತ್ತೆ ಮುಚ್ಚಿಟ್ಟು ನನಗೆ ಊಟ ಬಡಿಸಿದರು.

ಇಂದು, 22ರಂದು, ಬೆಳಿಗ್ಗೆ 7ರಿಂದ ಮಾತಾಡಬಹುದೆಂದು ವೈದ್ಯರ ಅನುಮತಿ ಇತ್ತು. ನಾನು ಬಿಸಿನೀರು ಕಾಯಿಸಿ ಕೊಟ್ಟೆ. ಅಕ್ಕ ಎರಡು ಲೋಟ ಕುಡಿದು ‘ಆಮೇಲೆ’ ಎಂದು ಬರೆದರು. 9 ಗಂಟೆಗೆ, ಕದ್ದ ಮಾಲು ಸಿಕ್ಕಿದೆ, ಗುರುತು ಹಚ್ಚಲು ಬನ್ನಿ ಎಂದು ಠಾಣೆಯಿಂದ ಫೋನ್ ಬಂತು. 10 ಗಂಟೆ 40ಕ್ಕೆ ಇಲ್ಲಿ ತಲುಪಿದೆವು.

ಮೇಜಿನ ಮೇಲೆ ಒಂದೇ ಬಗೆಯ ಮೂರು ಕಪ್ಪು ಲ್ಯಾಪ್‌ಟಾಪುಗಳಿದ್ದವು. ನಿಮ್ಮದು ಯಾವುದು ಅಂತ ಹೇಗ್ರೀ ಹೇಳ್ತೀರ ಎಂದು ಸಾಹೇಬರು ಕೇಳಿದರು. ನುಡಿಸಿ ಹೇಳುತ್ತೇನೆ ಎಂದು ಮನೆಯಿಂದ ತಂದಿದ್ದ ಬೇರೆ ಚೀಲದಿಂದ ಚಿಕ್ಕ ಕೀಬೋರ್ಡ್ ತೆಗೆದೆ. ಮೊದಲನೆಯದರಲ್ಲಿ ಎಲ್ಲ ಅಳಿಸಿ ಖಾಲಿ ಮಾಡಿದ್ದರು. ಅಕ್ಕ ನನ್ನ ಅಂಗಿಯ ತೋಳು ಹಿಡಿದುಕೊಂಡರು. ಎರಡನೆಯದು ಪಾಸ್‌ವರ್ಡ್ ಕೇಳಿತು. ಮೂರನೆಯದು ಏನೂ ಕೇಳಲಿಲ್ಲ. ತಂತಿ ಸಿಕ್ಕಿಸಿ ಒಂದು ಮನೆ ಒತ್ತಿದೆ. ಅಕ್ಕನ ದನಿ ಠಾಣೆಯಲ್ಲಿ ಎದ್ದಿತು. ರೈಟರ್ ಸಾಹೇಬರು ಬರೆಯುವುದನ್ನು ನಿಲ್ಲಿಸಿದರು. ಗುರುತು ಗಟ್ಟಿಯಾಗಲೆಂದು ‘ಕಚ್ಚಾ ಅಕ್ಕ’ದಿಂದಲೂ ಒಂದನ್ನು ಹಾಕಿದೆ. ಲೋ ಕತ್ತೆ, ಮೊದಲು ಆ ಫ್ಯಾನ್ ನಿಲ್ಲಿಸೋ ಎಂದು ಬಂತು. ಒಬ್ಬ ಪೇದೆ ಎದ್ದು ಠಾಣೆಯ ಫ್ಯಾನ್ ಆರಿಸಿದರು. ಎಲ್ಲರೂ ನಕ್ಕರು. ನಾನು ಕನ್ನಡಕ ಒರೆಸಿಕೊಂಡೆ, ಧೂಳಿತ್ತು.

ನಂತರ ಸಾಹೇಬರು, ಇದು ಕೇಸಿನ ಮಾಲು, ಕೋರ್ಟಿಗೆ ಹೋಗಬೇಕು, ಆದೇಶ ಆಗೋವರೆಗೆ ಕೊಡೋ ಹಾಗಿಲ್ಲ, ನಕಲೂ ತೆಗೆಯೋ ಹಾಗಿಲ್ಲ ಎಂದರು. ಆ ದನಿ ಪ್ರಪಂಚದಲ್ಲಿ ಇರುವುದು ಇದೊಂದರಲ್ಲೇ, ಠಾಣೆಯ ಬೀರುವಿನಲ್ಲಿಟ್ಟು ಏನಾದರೂ ಆದರೆ ಎಂದು ನಾನು ಎರಡು ಸಲ ಬೇಡಿಕೊಂಡೆ. ಮೂರನೇ ಸಲಕ್ಕೆ ಬಾಯಿ ತೆರೆದಾಗ, ಸಮಯ 11 ಗಂಟೆ 50, ಅಕ್ಕ ನನ್ನ ತೋಳು ಬಿಟ್ಟು, ಇರಲಿ ಬಿಡಿ ಸಾರ್, ಇಟ್ಕೊಳ್ಳಿ, ನನ್ನ ಹತ್ತಿರ ಇನ್ನೊಂದಿದೆ ಎಂದರು.

ಅದು ಹತ್ತು ದಿನಗಳಲ್ಲಿ ಅವರಾಡಿದ ಮೊದಲ ಮಾತು. ದನಿ ಒರಟಾಗಿತ್ತು, ಮೊದಲಿನದಕ್ಕಿಂತ ಎರಡು ಮನೆ ಕೆಳಗಿತ್ತು, ಅಕ್ಕನದೇ ಆಗಿತ್ತು.

ಮೇಲಿನದನ್ನು ನಾನು ಹೇಳಿದಂತೆಯೇ ಬರೆದು ನಮ್ಮಿಬ್ಬರಿಗೂ ಓದಿ ಹೇಳಿರುತ್ತಾರೆ. ಒಂದು ವಿಷಯ ಬಿಟ್ಟು ಎಲ್ಲವೂ ನಿಜ. ಎರಡು ಮನೆ ಅಲ್ಲ ಕಣೋ, ಒಂದೂವರೆ, ನಿನ್ನ ಕಿವಿಗೇನಾಗಿದೆ ಎಂದು ಅಕ್ಕ ಬಾಯಿಬಿಟ್ಟು ಹೇಳಿದ್ದರಿಂದ ಹಾಗೆಯೇ ತಿದ್ದಿ ಓದಿಕೊಳ್ಳುವುದು.

ಸ್ಥಳ: ಠಾಣೆಯ ಬರವಣಿಗೆ ಕೊಠಡಿ
ದಿನಾಂಕ: ಇದೇ ತಿಂಗಳ 22, ಮಧ್ಯಾಹ್ನ 12 ಗಂಟೆ 35
ಸಹಿ: ಮೂರುಕೈ
ತಿದ್ದುಪಡಿಗೆ ಸಹಿ: ಅಕ್ಕ